ಹದಿನೈದನೇ ತಾರೀಕಿನ ಕುಂಡ

ನಮ್ಮ ಊರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಆಮೇಲೆ ಕೇಳುತ್ತಾರೆ. ಮೊದಲು ಹಿತ್ತಲಿಗೆ ಹೋಗಿ, ಹಿಂದೆ ಇದ್ದವರು ಬೆಂಡೆ ಗಿಡ ಏನಾದರೂ ಬಿಟ್ಟು ಹೋಗಿದ್ದಾರೆಯೇ ಎಂದು ನೋಡುತ್ತಾರೆ. ಒಂದೇ ಒಂದು ಗಿಡ ಮೊಗ್ಗು ಹಿಡಿದು ನಿಂತಿದ್ದರೂ ಸಾಕು, ಚಪ್ಪಲಿ ಮೆಟ್ಟಿಕೊಂಡು ಬೇರೆ ಮನೆ ನೋಡಲು ಹೊರಡುತ್ತಾರೆ. ಅದು ಅರಳಿದ ದಿನ ಯಾರದೋ ಮನೆಯ ಜಗಳ, ಯಾರದೋ ಕೂಸಿನ ಅಳು ಬೆಳಗಿನಿಂದ ಸಂಜೆಯವರೆಗೆ ಕೇಳಿಕೊಂಡು ಕೂರಬೇಕಾಗುತ್ತದಲ್ಲ, ಆ ಉಸಾಬರಿ ಯಾರಿಗೆ ಬೇಕು.

ಬರೀ ಮಣ್ಣಿಗೆ ಹಾಕಿದ ಬೀಜದಿಂದ ಬರೀ ತರಕಾರಿ ಬರುತ್ತದೆ. ಹಳೆಯ ಪತ್ರಿಕೆಯ ಕುಂಡದಲ್ಲಿ ಮೊಳೆಯಿಸಿ, ಕುಂಡದ ಸಮೇತ ನೆಲಕ್ಕಿಟ್ಟ ಗಿಡದ ವಿಷಯವೇ ಬೇರೆ. ಅದರ ಮೊದಲ ಹೂವು ಅರಳಿದ ದಿನ, ಆ ಪತ್ರಿಕೆ ಮನೆಗೆ ಬಂದಿದ್ದ ದಿನ ಅದೇ ಹಿತ್ತಲಿನಲ್ಲಿ ಏನೇನು ಸದ್ದಾಗಿತ್ತೋ ಅದೆಲ್ಲ ಮತ್ತೆ ಕೇಳಿಸುತ್ತದೆ. ಎಂಟು ಗಂಟೆಯದು ಎಂಟು ಗಂಟೆಗೆ, ಮಧ್ಯಾಹ್ನದ್ದು ಮಧ್ಯಾಹ್ನಕ್ಕೆ. ಕಾಣುವುದು ಏನೂ ಇಲ್ಲ, ಕೇಳುವುದಷ್ಟೆ. ಸಂಜೆ ಹೂವು ಮುದುಡಿದರೆ ಮುಗಿಯಿತು. ಆಮೇಲೆ ಬಿಡುವುದು ಬೆಂಡೆಕಾಯಿ, ಅದನ್ನು ಹುಳಿಗೆ ಹಾಕಿಕೊಳ್ಳಬಹುದು.

ಆ ಕುಂಡಗಳನ್ನು ಮಾಡುವವನು ನಾನು, ಮಾದೇವಯ್ಯ. ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷದ ಪತ್ರಿಕೆಗಳನ್ನು ತಾರೀಕಿನ ಪ್ರಕಾರ ಜೋಡಿಸಿಟ್ಟಿದ್ದೇನೆ. ಕೆಲಸ ಕಷ್ಟದ್ದಲ್ಲ, ಆದರೆ ಕೈ ಪಳಗಬೇಕು. ಹಾಳೆಯನ್ನು ಉದ್ದಕ್ಕೆ ಎರಡು ಮಡಿಕೆ ಮಡಿಸಿ, ತಾರೀಕು ಒಳಗಡೆಗೆ ಬರುವಂತೆ ಪಾವಿನ ಸುತ್ತ ಸುತ್ತಬೇಕು. ಕೆಳಗೆ ಎರಡು ಬೆರಳು ಹೆಚ್ಚಿಗೆ ಬಿಟ್ಟು, ಅದನ್ನು ಒಳಕ್ಕೆ ಮಡಚಿ, ನೆಲಕ್ಕೊತ್ತಿ ಪಾವನ್ನು ಒಮ್ಮೆ ತಿರುಗಿಸಿದರೆ ತಳ ಕೂರುತ್ತದೆ. ಅಂಟು ಹಾಕಬಾರದು, ದಾರ ಕಟ್ಟಬಾರದು. ಪಾವನ್ನು ಎಳೆದುಕೊಂಡರೆ ಕುಂಡ ನಿಲ್ಲುತ್ತದೆ. ನೆಲಕ್ಕಿಟ್ಟ ಮೇಲೆ ಬೇರು ತಾನೇ ದಾರಿ ಮಾಡಿಕೊಂಡು ಕಾಗದ ಹರಿದು ಆಚೆ ಹೋಗುತ್ತದೆ, ಕಾಗದ ಮಣ್ಣಾಗುತ್ತದೆ.

ಪಾವು ಎಂದರೆ ಅಕ್ಕಿ ಅಳೆಯುವ ಪಾವೇ. ಹಿತ್ತಾಳೆಯದು. ನನ್ನ ಹೆಂಡತಿ ಚೆಲುವಾಂಬ ತವರಿನಿಂದ ತಂದದ್ದು. ಅದರ ಕಥೆ ಮುಂದೆ ಬರುತ್ತದೆ.

ಜನ ಕೇಳುವ ತಾರೀಕುಗಳನ್ನು ನೋಡಿದರೆ ಒಮ್ಮೊಮ್ಮೆ ನಗು ಬರುತ್ತದೆ. ನಿವೃತ್ತ ಶೇಷಗಿರಿ ಮೇಷ್ಟ್ರು ತಮಗೆ ಸನ್ಮಾನವಾದ ದಿನದ ಕುಂಡ ತೆಗೆದುಕೊಂಡು ಹೋದರು. ಸನ್ಮಾನ ನಡೆದದ್ದು ಸಭಾಭವನದಲ್ಲಿ, ಗಿಡ ನೆಟ್ಟದ್ದು ಹಿತ್ತಲಿನಲ್ಲಿ. ಹೂವು ಅರಳಿದ ದಿನ ನೆಂಟರನ್ನೆಲ್ಲ ಕರೆದು ಕುರ್ಚಿ ಹಾಕಿ ಕೂರಿಸಿದರಂತೆ. ಕೇಳಿಸಿದ್ದು ನಾಯಿ ಬೊಗಳಿದ್ದು, ಮತ್ತೆ ಅವರ ಹೆಂಡತಿ ಪಾತ್ರೆ ತಿಕ್ಕುವವಳ ಹತ್ತಿರ, "ಒಂದು ಶಾಲು ಹೊದ್ದುಕೊಳ್ಳೋಕೆ ಈ ಮನುಷ್ಯ ನಾಲ್ಕು ದಿನದಿಂದ ನಿದ್ದೆ ಮಾಡಿಲ್ಲ ಕಣೇ" ಅಂದದ್ದು. ಮೇಷ್ಟ್ರು ಆಮೇಲೆ ಒಂದು ತಿಂಗಳು ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದರು, ತಪ್ಪು ನನ್ನದೇನೋ ಎಂಬ ಹಾಗೆ.

ಅವರನ್ನು ನೋಡಿ ನಗಲು ನನಗೂ ಹಕ್ಕಿಲ್ಲ, ಬಿಡಿ. ಚೆಲುವಾಂಬ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವಳ ದನಿಗೆ ನನಗೆ ಬರವಿರಲಿಲ್ಲ. ಕೋಣೆಯ ತುಂಬ ತಾರೀಕುಗಳಿದ್ದವು. ವರ್ಷಕ್ಕೆ ನಾಲ್ಕೈದು ಗಿಡ ನೆಟ್ಟು ಅವಳು ಕಸ ಗುಡಿಸಿದ್ದು, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದ್ದು, ಕಾಗೆಗೆ ಬೈದದ್ದು ಎಲ್ಲ ಕೇಳಿದ್ದೇನೆ. ನನಗೆ ಬೇಕಾಗಿದ್ದದ್ದು ಒಂದೇ ದಿನ, ಅವಳು ಹೋದ ದಿನ, ಅಕ್ಟೋಬರ್ ಹದಿನೈದು. ಆ ದಿನದ ಪತ್ರಿಕೆಯೇ ಇಲ್ಲ. ಹದಿನಾಲ್ಕಕ್ಕೆ ಆಯುಧಪೂಜೆ. ಪ್ರೆಸ್ಸಿನವರು ಅವತ್ತು ಯಂತ್ರಗಳಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಹಾಗಾಗಿ ವಿಜಯದಶಮಿಯ ದಿನ ಊರಿಗೆ ಪತ್ರಿಕೆ ಬರುವುದಿಲ್ಲ. ಊರಿಗೆಲ್ಲ ತಾರೀಕು ಹಂಚುವವನಿಗೆ ತನ್ನ ತಾರೀಕು ಇಲ್ಲ.

ಆ ದಿನವೇ ಯಾಕೆ ಬೇಕು ಎಂದರೆ, ಅದಕ್ಕೆ ಪಾವಿನ ಕಥೆ ಹೇಳಬೇಕು. ಅದುವರೆಗೆ ನಾನು ಕುಂಡ ಸುತ್ತುತ್ತಿದ್ದದ್ದು ಒಂದು ಗಾಜಿನ ಶೀಷೆಗೆ. ಅದು ಒಡೆಯಿತು. ದಸರಾ ಸಮಯ, ಕೆಲಸ ಮೈಮೇಲೆ ಬಿದ್ದಿತ್ತು. ಹೇಳದೆ ಕೇಳದೆ ಅಕ್ಕಿ ಡಬ್ಬಿಯಲ್ಲಿದ್ದ ಪಾವನ್ನು ತೆಗೆದುಕೊಂಡುಬಿಟ್ಟೆ. ಚೆಲುವಾಂಬ ಅಡುಗೆಗೆ ನಿಂತು ಡಬ್ಬಿಗೆ ಕೈ ಹಾಕಿದರೆ ಪಾವಿಲ್ಲ. ಹುಡುಕಿಕೊಂಡು ಬಂದು ನೋಡಿದಾಗ ಅದರ ಮೈಯೆಲ್ಲ ಪತ್ರಿಕೆಯ ಮಸಿ.

"ಅನ್ನಪೂರ್ಣೆ ಹಾಗೆ ಇಟ್ಕೊಂಡಿದ್ದೆ ಅದನ್ನ. ಮಸಿ ಬಳಿದ್ಬಿಟ್ರಲ್ಲ. ಈಗ ಅಕ್ಕಿ ಯಾವುದ್ರಲ್ಲಿ ಅಳೀಲಿ?"

"ಕೈಯಲ್ಲಿ ಅಂದಾಜಿಗೆ ಹಾಕು. ಇಷ್ಟು ವರ್ಷ ಅಡುಗೆ ಮಾಡಿ ಅಂದಾಜು ಗೊತ್ತಾಗಲ್ವಾ?"

"ಹಾಗಾದ್ರೆ ಇವತ್ತು ಅಂದಾಜಿಗೆ ಊಟಾನೂ ಮಾಡಿ. ಇಲ್ಲ ನಿಮ್ಮ ಕುಂಡಾನೇ ತಿನ್ನಿ."

ಇಷ್ಟೇ. ಇಷ್ಟಕ್ಕೆ ನಾನು ಊಟಕ್ಕೇ ಕೂರದೆ ಎದ್ದು ಹೋದೆ. ಹನ್ನೆರಡನೇ ತಾರೀಕು ರಾತ್ರಿಯಿಂದ ಮನೆಯಲ್ಲಿ ಮಾತಿಲ್ಲ, ಊಟವಿಲ್ಲ. ಹೋಟೆಲಿನಲ್ಲಿ ಎರಡು ಬನ್ನು ತಿಂದು ಟೀ ಕುಡಿದು ಬರುತ್ತಿದ್ದೆ. ಅವಳು ಬಡಿಸಿಟ್ಟು ಕಾಯುತ್ತಾಳೆ ಎಂದು ಗೊತ್ತಿತ್ತು, ಗೊತ್ತಿದ್ದೇ ಬರುತ್ತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಣ್ಣದಿದ್ದರೆ ಅದು ಎಲ್ಲಿಯ ತನಕವೋ, ಅದನ್ನು ಯಾರೂ ಹೇಳಿಲ್ಲ. ವಿಜಯದಶಮಿಯ ದಿನ ಪ್ರೆಸ್ಸಿನಲ್ಲಿ ಹಬ್ಬದ ಊಟವಿತ್ತು, ನನ್ನನ್ನೂ ಕರೆದಿದ್ದರು. ಹೋಗಿ ಬರುತ್ತೇನೆ ಎಂದು ಒಂದು ಮಾತು ಹೇಳದೆ ಸೈಕಲ್ ಹತ್ತಿದೆ. ಪಂಕ್ತಿಯಲ್ಲಿ ಕೂತು ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡಿದ್ದೆ, ಅಷ್ಟರಲ್ಲಿ ಯಾರೋ ಬಂದು ಎಬ್ಬಿಸಿದರು. ಮನೆಗೆ ಬಂದಾಗ ಚೆಲುವಾಂಬ ಹಿತ್ತಲಿನ ಒಗೆಯುವ ಕಲ್ಲಿಗೆ ಒರಗಿ ಕೂತ ಹಾಗೇ ಇದ್ದಳು. ಎದೆನೋವು ಎಂದು ಕೂತವಳಂತೆ.

ಅವಳ ಹತ್ತಿರ ಇದ್ದವರು ಪಕ್ಕದ ಮನೆಯ ದೇವೀರಮ್ಮ. ನನಗಿಂತ ಹತ್ತು ವರ್ಷ ದೊಡ್ಡವರು, ಇಬ್ಬರ ಹಿತ್ತಲಿಗೂ ನಡುವೆ ಸೊಂಟದೆತ್ತರದ ಒಂದೇ ಗೋಡೆ. "ನಿನ್ನನ್ನ ಕರೆದ್ಲು ಕಣಪ್ಪ. ಎಲ್ಲಿ ಅವರು, ಅವರನ್ನ ಕರೀರಿ ಅಂತ ಮೂರು ಸಲ ಕೂಗಿದ್ಲು" ಎಂದು ಎಲ್ಲ ಮುಗಿದ ಮೇಲೆ ಅವರು ಹೇಳಿದ್ದರು. ಆ ಮಾತನ್ನು ಹಿಡಿದುಕೊಂಡು ನಾನು ಹನ್ನೊಂದು ವರ್ಷ ಬದುಕಿದೆ. ಕೂಗಿದಳೆಂದರೆ ಸಿಟ್ಟು ಇಳಿದಿತ್ತು ಎಂದು ಅರ್ಥ. ಆದರೆ ಬೇರೆಯವರು ಹೇಳಿದ್ದು ಬೇರೆಯವರು ಹೇಳಿದ್ದೇ. ಆ ಕೂಗನ್ನು ನನ್ನ ಕಿವಿಯಿಂದ ಒಂದು ಸಲ ಕೇಳಬೇಕಿತ್ತು.

ಈ ವರ್ಷ ಯುಗಾದಿಗೆ ಮುಂಚೆ ಶೇಷಗಿರಿ ಮೇಷ್ಟ್ರ ಸೊಸೆ ಹೇಳಿ ಕಳಿಸಿದಳು. ಮನೆ ತೊಳೆಯುತ್ತಿದ್ದಾರೆ, ಅಡುಗೆಮನೆಯ ಶೆಲ್ಫಿಗೆ ಹಾಸಿದ್ದ ಹಳೆಯ ಪತ್ರಿಕೆಗಳಿವೆ, ಬೇಕಾದರೆ ಒಯ್ಯಿರಿ ಎಂದು. ನಮ್ಮೂರಿನಲ್ಲಿ ಶೆಲ್ಫಿನ ಕಾಗದವನ್ನು ಯಾರೂ ಎಸೆಯುವುದಿಲ್ಲ. ಎಣ್ಣೆ ಕುಡಿದ, ಡಬ್ಬಿಗಳ ಗುರುತು ಬಿದ್ದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ತಾರೀಕು ನೋಡುತ್ತಿದ್ದೆ. ಅರಿಸಿನದ ಡಬ್ಬಿಯ ಕೆಳಗಿದ್ದ ಒಂದು ಹಾಳೆಯ ತಲೆಯ ಮೇಲೆ ಅಕ್ಟೋಬರ್ ಹದಿನೈದು ಎಂದಿತ್ತು. ವರ್ಷವೂ ಅದೇ. ನಾನು ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಆ ಹುಡುಗಿ ಗಾಬರಿಯಾಗಿ ನೀರು ತಂದುಕೊಟ್ಟಳು.

ನೇರವಾಗಿ ಖಲೀಲ್ ಸಾಹೇಬರ ಮನೆಗೆ ಹೋದೆ. ಆ ಕಾಲಕ್ಕೆ ಪ್ರೆಸ್ಸಿನಲ್ಲಿ ಮೊದಲ ಪುಟ ಜೋಡಿಸುತ್ತಿದ್ದವರು ಅವರೇ. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ನಿಟ್ಟುಸಿರು ಬಿಟ್ಟರು.

"ಇದು ಇನ್ನೂ ಉಳಿದಿದೆಯಾ? ಇದು ನನ್ನ ತಪ್ಪು, ಮಾದೇವಯ್ಯ. ರಜ ಮುಗಿಸಿ ಬಂದೆ ನೋಡಿ, ಹಿಂದಿನ ಸಂಚಿಕೆ ಹದಿನಾಲ್ಕು, ಮುಂದಿನದು ಹದಿನೈದು ಅಂತ ಕೈಗೆ ಬಂದ ಹಾಗೆ ಹಾಕಿಬಿಟ್ಟೆ. ನಡುವೆ ಒಂದು ದಿನ ಪತ್ರಿಕೆ ಇಲ್ಲ ಅನ್ನೋದು ಮರೆತುಹೋಯ್ತು. ಇನ್ನೂರು ಕಾಪಿ ಆಚೆ ಹೋದ ಮೇಲೆ ಯಜಮಾನರು ನೋಡಿ ಹದಿನಾರು ಮಾಡಿಸಿದ್ರು. ಇದು ಬಂದಿದ್ದು ಹದಿನಾರನೇ ತಾರೀಕು. ವಾರ ನೋಡಿ, ಶನಿವಾರ ಅಂತಿದೆ. ವಾರ ಸರಿ, ತಾರೀಕು ತಪ್ಪು."

"ತಾರೀಕು ಹದಿನೈದು ಇದೆಯಲ್ಲ, ಅಷ್ಟು ಸಾಕು."

"ಮಣ್ಣಿಗೆ ಓದೋಕೆ ಬರುತ್ತಾ?"

"ಓದೋಕೆ ಬರದೆ ಇದ್ರೆ ತಾರೀಕನ್ನ ಒಳಗಡೆಗೇ ಯಾಕೆ ಹಾಕ್ಬೇಕು, ಸಾಹೇಬ್ರೆ? ನಮ್ಮಪ್ಪನ ಕಾಲದಿಂದ ಹಾಗೇ ಹಾಕ್ತಾ ಇದೀವಿ."

ಅವರು ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಅಚ್ಚಾದ ತಾರೀಕು, ಮನೆಗೆ ಬಂದ ದಿನ ಎರಡೂ ಯಾವಾಗಲೂ ಒಂದೇ ಆಗಿರುತ್ತಿದ್ದರಿಂದ ಗಿಡ ಯಾವುದನ್ನು ಹಿಡಿಯುತ್ತದೆ ಎಂದು ನಮ್ಮೂರಿನಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ಮೊದಲ ಸಲ ನಾನು ಕೇಳಿಕೊಂಡೆ, ಮತ್ತೆ ನನಗೆ ಬೇಕಾದ ಉತ್ತರವನ್ನೇ ಕೊಟ್ಟುಕೊಂಡೆ.

ಹಾಳೆ ಒಂದೇ, ಕುಂಡ ಒಂದೇ, ಬೀಜ ಒಂದೇ. ಎಣ್ಣೆ ಕುಡಿದ ಕಾಗದ ಪಾವಿಗೆ ಸರಿಯಾಗಿ ಕೂರಲಿಲ್ಲ, ಎರಡು ಸಲ ಬಿಚ್ಚಿ ಸುತ್ತಿದೆ. ಐದನೇ ದಿನ ಬೀಜ ತಲೆಯೆತ್ತಿತು. ಹತ್ತು ದಿನ ಬಿಟ್ಟು, ಒಗೆಯುವ ಕಲ್ಲಿನ ಪಕ್ಕದಲ್ಲಿ ಗುಣಿ ತೆಗೆದು ಕುಂಡದ ಸಮೇತ ಇಟ್ಟೆ.

ಗೋಡೆಯಾಚೆಯಿಂದ ದೇವೀರಮ್ಮ ನೋಡುತ್ತಿದ್ದರು. "ಯಾವ ತಾರೀಕು ಕಣಪ್ಪ ಇದು?"

ಹೇಳಿದೆ. ಅವರ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು.

"ಅದಕ್ಕೆ ಪತ್ರಿಕೆ ಇಲ್ಲ ಅಂತಿದ್ದೆ."

"ಸಿಕ್ತು, ಅಕ್ಕ."

"ಬೇಡ ಮಾದೇವಯ್ಯ. ಹೋದೋರು ಹೋದ್ರು. ಅವಳು ಕರೆದ್ಲು ಅಂತ ನಾನೇ ಹೇಳಿದೀನಲ್ಲ, ಅಷ್ಟು ಸಾಲ್ದಾ?"

"ನೀವು ಕೇಳಿದೀರಿ. ನಾನು ಕೇಳಿಲ್ವಲ್ಲ."

ಅವರು ಮೊರ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಒಂದು ವಾರ ಹಿತ್ತಲಿಗೆ ಬರಲಿಲ್ಲ.

ನಾನು ಆ ಗಿಡವನ್ನು ಕಾದ ಹಾಗೆ ಚೆಲುವಾಂಬಳನ್ನು ಒಂದು ದಿನವೂ ಕಾದವನಲ್ಲ. ನಾಲ್ಕನೇ ಎಲೆ ಬಂದಾಗ ದೇವೀರಮ್ಮನ ಕೋಳಿ ಗೋಡೆ ಹಾರಿ ಬಂದು ಎರಡು ಎಲೆ ಕುಕ್ಕಿ ಹಾಕಿತು. ನನಗೆ ಎಲ್ಲಿಲ್ಲದ ಕೋಪ ಬಂದು, "ಬೇಕಂತಲೇ ಬಿಟ್ಟಿದೀರಿ. ಆ ದಿನ ನನಗೆ ಸಿಗೋದು ನಿಮಗೆ ಇಷ್ಟ ಇಲ್ಲ" ಎಂದು ಗೋಡೆಯ ಮೇಲೆ ಬಗ್ಗಿ ಕೂಗಾಡಿದೆ. ಮಾರನೇ ದಿನ ನೋಡಿದರೆ ಅವರು ಕೋಳಿಯ ಕಾಲಿಗೆ ಹಗ್ಗ ಕಟ್ಟಿದ್ದರು.

ಗಿಡ ಮೊಗ್ಗು ಕಟ್ಟಿದ ವಾರದಲ್ಲಿ ಆಲಿಕಲ್ಲು ಮಳೆ ಬಂತು. ನಾನು ಪೇಟೆಯಲ್ಲಿದ್ದೆ. ಅಂಗಡಿಯ ಸೂರಿನ ಕೆಳಗೆ ನಿಲ್ಲದೆ, ನೆನೆದುಕೊಂಡು, ತಲೆಗೆ ಕಲ್ಲೇಟು ತಿನ್ನುತ್ತ ಓಡಿ ಬಂದೆ. ಹಿತ್ತಲಿನಲ್ಲಿ ಗಿಡದ ಮೇಲೆ ಮಂಕರಿ ಬುಟ್ಟಿ ಬೋರಲು ಹಾಕಿ, ಅದು ಹಾರಿ ಹೋಗದ ಹಾಗೆ ಎರಡು ಕೈಯಲ್ಲಿ ಒತ್ತಿ ಹಿಡಿದು, ಎಪ್ಪತ್ತೆರಡು ವರ್ಷದ ದೇವೀರಮ್ಮ ಕೂತಿದ್ದರು. ಸೆರಗೆಲ್ಲ ತೊಪ್ಪೆಯಾಗಿತ್ತು. ಗೋಡೆ ಹೇಗೆ ದಾಟಿದರೋ ಗೊತ್ತಿಲ್ಲ.

"ಗಿಡ ನೆಟ್ಟಗಿದೆ. ಹೋಗಿ ತಲೆ ಒರೆಸ್ಕೊ" ಎಂದರು.

ನನಗೆ ನಾಚಿಕೆಯಾಯಿತು. ಏನಾದರೂ ಹೇಳಬೇಕಿತ್ತು, ಹೇಳಲಿಲ್ಲ. ಈ ಬಾಯಿಗೆ ಬೇಕಾದಾಗ ಬೀಗ ಬೀಳುವುದು ಹಳೆಯ ರೋಗ.

ನಲವತ್ತೆಂಟನೇ ದಿನ ಬೆಳಿಗ್ಗೆ ಮೊಗ್ಗು ಬಿರಿಯಿತು. ಹಳದಿ ಹೂವು, ನಡುವೆ ಕಡುಗೆಂಪು. ನಾನು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಒಗೆಯುವ ಕಲ್ಲಿನ ಎದುರು ಮಣೆ ಹಾಕಿಕೊಂಡು ಕೂತಿದ್ದೆ. ಮೊದಲು ಅವಳ ಪೊರಕೆಯ ಸದ್ದು ಬರಬೇಕು, ಆಮೇಲೆ ನನ್ನ ಸೈಕಲ್ ಹೊರಡುವುದು, ಆಮೇಲೆ ಅವಳು, ಹೀಗೆ ಎಣಿಸಿಕೊಂಡಿದ್ದೆ.

ಪೊರಕೆಯ ಸದ್ದು ಬರಲಿಲ್ಲ. ಬಂದದ್ದು ಕಾಲುಗಳ ಸದ್ದು, ಬಹಳ ಕಾಲುಗಳು. ಹಂಡೆಗೆ ನೀರು ಸುರಿಯುವ ಸದ್ದು. ಬಿದಿರು ಸೀಳುವ ಮಚ್ಚಿನ ಸದ್ದು. ಯಾವನೋ, "ತವರಿನೋರು ಬಂದ್ರಾ? ಇನ್ನು ತಡ ಮಾಡೋದು ಬೇಡ" ಅಂದ. ಅದರ ನಡುವೆ ಒಬ್ಬ ಗಂಡಸು ಎತ್ತಿನ ಹಾಗೆ ಗೋಳಿಡುತ್ತಿದ್ದ. ಆ ದನಿ ಯಾರದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಹದಿನಾರನೇ ತಾರೀಕು. ಖಲೀಲ್ ಸಾಹೇಬರು ಹೇಳಿದ್ದೇ ಸರಿ, ಮಣ್ಣಿಗೆ ಓದಲು ಬರುವುದಿಲ್ಲ. ಚೆಲುವಾಂಬ ಆ ಸದ್ದಿನ ನಡುವೆ ಎಲ್ಲೋ ಚಾಪೆಯ ಮೇಲೆ ಮಲಗಿದ್ದಾಳೆ, ಅವಳೊಬ್ಬಳದೇ ಸದ್ದಿಲ್ಲ. ನನಗೆ ಅವಳು ಇನ್ನೊಂದು ಸಲ ಸತ್ತ ಹಾಗಾಯಿತು. ಗಿಡ ಕಿತ್ತು ಬಿಸಾಡಬೇಕೆಂದು ಎದ್ದೆ. ಗೋಡೆಯ ಹತ್ತಿರ ದೇವೀರಮ್ಮ ನಿಂತಿದ್ದರು, ಬೆಳಗಿನಿಂದಲೂ ನಿಂತಿದ್ದರೆಂದು ಕಾಣುತ್ತದೆ. ಅವರ ಮುಖ ನೋಡಿ ಕೈ ತಡೆಯಿತು. ಅವರು ಸುತ್ತು ಹಾಕಿಕೊಂಡು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಇರ್ಲಿ ಬಿಡು. ಕೇಳು. ಹದಿನೈದಾದ್ರೇನು, ಹದಿನಾರಾದ್ರೇನು. ಎರಡರಲ್ಲೂ ನಾನಿದ್ದೆ" ಎಂದರು.

ಹನ್ನೊಂದು ಗಂಟೆಯ ಹೊತ್ತಿಗೆ ಅಳುವಿನ ಸದ್ದು ಮುಂಬಾಗಿಲ ಕಡೆಗೆ ಹೋಯಿತು. ಹಿತ್ತಲು ಖಾಲಿಯಾಯಿತು. ಆಗ ಒಗೆಯುವ ಕಲ್ಲಿನ ಮಗ್ಗುಲಿನಿಂದ, ಗಿಡಕ್ಕೆ ಒಂದು ಮೊಳ ದೂರದಲ್ಲಿ, ಇಬ್ಬರು ಹೆಂಗಸರ ಪಿಸುದನಿ ಕೇಳಿತು. ಒಂದು ದನಿ ನನ್ನ ಪಕ್ಕದಲ್ಲಿ ಕೂತವರದೇ, ಹನ್ನೊಂದು ವರ್ಷ ಚಿಕ್ಕದು.

"ಇಲ್ಲೇ ಕೂತಿದ್ಲು ಕಣೇ, ಎದೆ ಹಿಡ್ಕೊಂಡು. ಮಾದೇವಯ್ಯಂಗೆ ಹೇಳಿ ಕಳಿಸ್ಲಾ ಅಂದೆ. ಬೇಡ ಅಕ್ಕ ಅಂದ್ಲು."

"ಬೇಡ ಅಂದ್ಲಾ?" ಅದು ದೇವೀರಮ್ಮನ ನಾದಿನಿ. ಆಕೆ ಈಗಿಲ್ಲ.

"ಮೂರು ದಿನದಿಂದ ಅವರ ಹೊಟ್ಟೆಗೆ ಸರಿಯಾಗಿ ಅನ್ನ ಬಿದ್ದಿಲ್ಲ, ಈಗ ಎಲೆ ಮುಂದೆ ಕೂತಿರ್ತಾರೆ, ಉಣ್ತಾ ಇರೋರನ್ನ ಎಬ್ಬಿಸ್ಬೇಡಿ, ಉಂಡ್ಕೊಂಡು ಬರ್ಲಿ ಅಂದ್ಲು. ಬಂದ ಮೇಲೆ ನಾನೇ ಮಾತಾಡಿಸ್ತೀನಿ, ಒಂದು ಪಾವಿಗೆ ಇಷ್ಟೆಲ್ಲ ಯಾಕೆ ಅಂದ್ಲು. ನಕ್ಕಳು ಕೂಡ. ನಾನೂ ಸುಮ್ನಾದೆ. ಕಾಲು ಗಂಟೆಗೆಲ್ಲ ಕತ್ತು ವಾಲಿಸ್ಬಿಟ್ಲು. ಆಗ್ಲೇ ಹೇಳಿ ಕಳಿಸಿದ್ರೆ ಡಾಕ್ಟ್ರು ಬರ್ತಿದ್ರೋ ಏನೋ. ಅವನಿಗೆ ಏನು ಹೇಳ್ಲಿ ನಾನು?"

"ಇದನ್ನ ಮಾತ್ರ ಹೇಳ್ಬೇಡ. ಹೇಳಿದ್ರೆ ಈ ಜನ್ಮದಲ್ಲಿ ಅವನ ಗಂಟಲಲ್ಲಿ ಅನ್ನ ಇಳಿಯಲ್ಲ. ಕರೆದ್ಲು ಅನ್ನು. ಕೂಗಿದ್ಲು ಅನ್ನು."

ಆಮೇಲೆ ಮೂಗು ಒರೆಸಿಕೊಂಡ ಸದ್ದು. ಬಳೆಗಳ ಸದ್ದು ದೂರವಾಯಿತು.

ಚೆಲುವಾಂಬಳ ದನಿ ಕೇಳಬೇಕೆಂದಿದ್ದೆ, ಅವಳ ಮಾತು ಸಿಕ್ಕಿತು. ಕೂಗಿದಳು ಎಂಬುದಕ್ಕಿಂತ ಅದು ದೊಡ್ಡದು, ಮತ್ತು ತಡೆದುಕೊಳ್ಳಲು ಆಗದಂಥದ್ದು. ನಾನು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಅವಳು ಎದೆ ಹಿಡಿದುಕೊಂಡು ನನ್ನ ಊಟ ಕಾಯುತ್ತಿದ್ದಳು.

"ನಾನು ಸುಮ್ನಾಗಬಾರ್ದಾಗಿತ್ತು" ಎಂದರು ದೇವೀರಮ್ಮ. "ಹನ್ನೊಂದು ವರ್ಷ ಸುಳ್ಳು ಹೇಳ್ಕೊಂಡು ಬಂದೆ. ಬೈಯೋದಿದ್ರೆ ಬೈದ್ಬಿಡು. ಮನೆ ಬಿಟ್ಟು ಹೋಗು ಅಂದ್ರೂ ಹೋಗ್ತೀನಿ."

ಅವರ ಕೈಯ ಮೇಲೆ ಅವತ್ತಿನ ಆಲಿಕಲ್ಲಿನ ಗಾಯ ಇನ್ನೂ ಕಪ್ಪಗೆ ಕಾಣುತ್ತಿತ್ತು. ಈ ಮಾತು ಇದರೊಳಗೆ ಇರಬಹುದೆಂದು ಗೊತ್ತಿದ್ದೂ ಈಕೆ ಈ ಗಿಡವನ್ನು ಉಳಿಸಿಕೊಟ್ಟರು. ಈ ಸಲ ಬಾಯಿಗೆ ಬೀಗ ಬೀಳುವ ಮೊದಲೇ ಕೇಳಿಬಿಟ್ಟೆ.

"ಊಟ ಆಯ್ತಾ ಅಕ್ಕ?"

ಅವರು ಅರ್ಥವಾಗದೆ ನನ್ನನ್ನು ನೋಡಿ ಇಲ್ಲವೆಂದು ತಲೆಯಾಡಿಸಿದರು. ಬೆಳಗಿನಿಂದ ನೀರೂ ಕುಡಿದಿರಲಿಲ್ಲ.

"ಏಳಿ ಹಾಗಾದ್ರೆ. ಉಂಡ್ಕೊಂಡು ಹೋಗಿ."

ಕೆಲಸದ ಕೋಣೆಯಿಂದ ಪಾವು ತಂದು ಹುಣಸೆಹಣ್ಣು ಹಾಕಿ ತಿಕ್ಕಿದೆ. ಹನ್ನೊಂದು ವರ್ಷದ ಮಸಿ, ಪೂರ್ತಿ ಹೋಗಲಿಲ್ಲ. ಅಂಚಿನಲ್ಲಿ ಮಾತ್ರ ಹಿತ್ತಾಳೆ ಹೊಳೆಯಿತು. ಕುಂಡ ಸುತ್ತಲು ನಾಳೆ ಬೇರೆ ಏನಾದರೂ ಹುಡುಕಿಕೊಂಡರಾಯಿತು. ಡಬ್ಬಿಯಿಂದ ಎರಡು ಪಾವು ಅಕ್ಕಿ ಅಳೆದು ಹಾಕಿ, ಪಾವನ್ನು ಅಕ್ಕಿಯೊಳಗೇ ಬಿಟ್ಟು ಮುಚ್ಚಳ ಮುಚ್ಚಿದೆ. ಬೇಳೆ ಬೇಯಿಸಿ ಸಾರು ಮಾಡಿದೆ. ಬಡಿಸಿಕೊಂಡು ಕೂರುವ ಹೊತ್ತಿಗೆ ಮೂರು ಗಂಟೆ. ಆ ದಿನ ಸ್ಮಶಾನದಿಂದ ಹಿಂದಿರುಗಿದ್ದೂ ಆ ಹೊತ್ತಿಗೇ. ಹಿತ್ತಲಿನಲ್ಲಿ ಮತ್ತೆ ಜನರ ಸದ್ದು ಕೇಳಿತು. ಕಾಲು ತೊಳೆಯುತ್ತಿದ್ದರು. ಯಾರೋ ತಟ್ಟೆ ಹಿಡಿದು ನನ್ನನ್ನು ಒತ್ತಾಯ ಮಾಡುತ್ತಿದ್ದರು, "ಒಂದು ತುತ್ತು ತಿನ್ನು ಮಾದೇವಯ್ಯ, ಒಂದೇ ತುತ್ತು" ಎಂದು. ಹೊರಗೆ ನನ್ನ ದನಿ ಬೇಡ, ಬೇಡ ಎನ್ನುತ್ತಲೇ ಇತ್ತು. ಒಳಗೆ ನಾನು ಅನ್ನಕ್ಕೆ ಸಾರು ಕಲಸಿಕೊಂಡು, ದೇವೀರಮ್ಮನ ಎದುರು ಕೂತು, ಹೊಟ್ಟೆ ತುಂಬ ಉಂಡೆ.